ಗಾಜಿನ ಮನೆಯ ಗಾಳಿ

ಗೊಬ್ಬರವೆಂದರೆ ಗಿಡದ ಬುಡಕ್ಕೆ ಹಾಕುವ ವಸ್ತುವೆಂದೇ ನಾವೆಲ್ಲ ತಿಳಿದಿದ್ದೇವೆ. ಸಗಣಿಯಾಗಲಿ, ಹಿಂಡಿಯಾಗಲಿ, ಅಂಗಡಿಯಿಂದ ತಂದ ಯೂರಿಯವಾಗಲಿ, ಮಣ್ಣಿಗೆ ಬೆರೆಸಿ ನೀರು ಹಾಯಿಸಿದರೆ ನಮ್ಮ ಕರ್ತವ್ಯ ಮುಗಿಯಿತು. ಮಿಕ್ಕದ್ದು ಬೇರಿನ ಪಾಡು. ಆದರೆ ಗಿಡವನ್ನು ಒಣಗಿಸಿ ತೂಗಿದರೆ ಅದರಲ್ಲಿ ಅರ್ಧಕ್ಕೆ ತುಸು ಕಡಮೆಯಷ್ಟು ಇಂಗಾಲವಿರುತ್ತದೆ, ಮತ್ತು ಆ ಇಂಗಾಲ ಬೇರಿನಿಂದ ಬಂದದ್ದಲ್ಲ. ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನು, ಈಗಿನ ಮಕ್ಕಳ ಪಠ್ಯಪುಸ್ತಕದ ಮಾತಿನಲ್ಲಿ ಕಾರ್ಬನ್ ಡೈ ಆಕ್ಸೈಡನ್ನು, ಎಲೆಗಳು ತಮ್ಮ ಸಣ್ಣ ಬಾಯಿಗಳಿಂದ ಹೀರಿಕೊಂಡು ಬಿಸಿಲಿನ ಬಲದಿಂದ ಸಕ್ಕರೆಯಾಗಿ ಮಾಡಿಕೊಂಡದ್ದು. ಹಾಗಿದ್ದ ಮೇಲೆ ಗಾಳಿಗೂ ಏಕೆ ಗೊಬ್ಬರ ಹಾಕಬಾರದು? ಈ ಪ್ರಶ್ನೆ ಹುಟ್ಟಿ ಎರಡು ಶತಮಾನಕ್ಕೂ ಮಿಕ್ಕಿತು. ಅದಕ್ಕೆ ಉತ್ತರ ಸಿಕ್ಕಿ, ಕೈತಪ್ಪಿ, ಮತ್ತೆ ಸಿಕ್ಕಿದ ಬಗೆ ವಿಜ್ಞಾನದ ಚರಿತ್ರೆಯಲ್ಲಿ ನನಗೆ ಬಹಳ ಪ್ರಿಯವಾದ ಪ್ರಕರಣ.

ಮೊದಲ ಜಗಳ ಇಂಗ್ಲೆಂಡಿನದು. ಲೀಡ್ಸ್ ಪಟ್ಟಣದಲ್ಲಿ ಪಾದ್ರಿಯಾಗಿದ್ದ ಜೋಸೆಫ್ ಪ್ರೀಸ್ಟ್ಲಿಯ ಮನೆಯ ಪಕ್ಕದಲ್ಲಿ ಬಿಯರ್ ಕಾಯಿಸುವ ಕಾರ್ಖಾನೆಯೊಂದಿತ್ತು. ಹುದುಗು ಬರುತ್ತಿದ್ದ ತೊಟ್ಟಿಗಳ ಮೇಲೆ ದಪ್ಪನಾಗಿ ಮಲಗಿರುತ್ತಿದ್ದ ಗಾಳಿಯಲ್ಲಿ ಮೇಣದ ಬತ್ತಿ ಹಿಡಿದರೆ ಆರಿಹೋಗುತ್ತಿತ್ತು. ಅದನ್ನು ಆಗ ‘ಸ್ಥಿರವಾಯು’ ಎನ್ನುತ್ತಿದ್ದರು. ನಮ್ಮ ಇಂಗಾಲಾಮ್ಲವೇ ಅದು. ಸೋಡಾ ನೀರನ್ನು ಜಗತ್ತಿಗೆ ಕೊಟ್ಟ ಪುಣ್ಯಾತ್ಮ ಈತನೇ, ಆ ತೊಟ್ಟಿಗಳ ನೆರೆಹೊರೆಯ ಫಲವಾಗಿಯೇ. 1771ರ ಆಗಸ್ಟ್ ತಿಂಗಳಲ್ಲಿ ಅವನು ಬತ್ತಿ ಉರಿದು ಕೆಟ್ಟುಹೋದ ಗಾಳಿಯಲ್ಲಿ ಒಂದು ಪುದೀನ ಕಡ್ಡಿಯನ್ನಿಟ್ಟು, ಹತ್ತು ದಿನ ಕಳೆದ ಮೇಲೆ ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಚೆನ್ನಾಗಿ ಉರಿಯುವುದನ್ನು ಕಂಡ. ಆ ಪ್ರಯೋಗವನ್ನು ಶಾಲೆಯಲ್ಲಿ ಓದದವರಿಲ್ಲ. ಆದರೆ ಅದೇ ಪುದೀನವನ್ನು ಬಿಯರ್ ತೊಟ್ಟಿಯ ಮೇಲೆ ಹಿಡಿದಾಗ ಅದು ಒಂದು ದಿನದೊಳಗೆ ಸತ್ತುಬಿದ್ದಿತೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ. ಸ್ಥಿರವಾಯು ಗಿಡಕ್ಕೆ ಮೃತ್ಯುವೆಂದು ಪ್ರೀಸ್ಟ್ಲಿ ಬರೆದಿಟ್ಟ. ಮ್ಯಾಂಚೆಸ್ಟರಿನ ವೈದ್ಯ ಥಾಮಸ್ ಪರ್ಸಿವಲ್ ಇದನ್ನು ಒಪ್ಪಲಿಲ್ಲ. ತಾನೂ ಗಿಡಗಳನ್ನಿಟ್ಟು ನೋಡಿ, ಅದೇ ವಾಯು ಗಿಡಕ್ಕೆ ಆಹಾರವೆಂದು ಸಾಧಿಸಿದ.

ಇಬ್ಬರೂ ಕಂಡದ್ದನ್ನೇ ಹೇಳಿದ್ದರು. ಪ್ರಮಾಣವೊಂದು ಬೇರೆ, ಅಷ್ಟೆ. ಈ ನಡುವೆ ಬೆಳಕಿಲ್ಲದೆ ಎಲೆಯ ಕೆಲಸ ನಡೆಯದೆಂದು ಹಾಲೆಂಡಿನವನಾದ ಇಂಗೆನ್‌ಹೌಸ್ 1779ರಲ್ಲಿ ತೋರಿಸಿದ. ಸ್ಥಿರವಾಯುವಿಲ್ಲದೆಯೂ ನಡೆಯದೆಂದು ಜಿನೀವದ ಸೆನೆಬಿಯೆ ಅದರ ಬೆನ್ನಿಗೇ ಹೇಳಿದ. ಅದೇ ಜಿನೀವದ ನಿಕೊಲಾ ದ ಸೊಸ್ಯೂರ್ 1804ರಲ್ಲಿ ತನ್ನ ಗ್ರಂಥವನ್ನು ಹೊರತಂದಾಗ ಜಗಳ ಮುಗಿಯಬೇಕಾಗಿತ್ತು. ಅವನು ಬಟಾಣಿ ಸಸಿಗಳನ್ನು ಅಳೆದ ಗಾಳಿಯಲ್ಲಿ ಬೆಳೆಸಿದ. ಹನ್ನೆರಡರಲ್ಲಿ ಒಂದು ಪಾಲು ಇಂಗಾಲಾಮ್ಲ ಸೇರಿಸಿದ ಗಾಳಿಯಲ್ಲಿ, ಬಿಸಿಲಿದ್ದರೆ, ಅವು ಬರಿಯ ಗಾಳಿಯಲ್ಲಿದ್ದವಕ್ಕಿಂತ ಹೆಚ್ಚು ತೂಗಿದವು. ಅದಕ್ಕಿಂತ ಹೆಚ್ಚಿಸಿದರೆ ಸೊರಗಿದವು. ನೆರಳಿನಲ್ಲಿಟ್ಟರೆ ಸ್ವಲ್ಪವೂ ಹಾನಿಯೇ. ಒಂದು ವಾಯುವಿನ ಗುಣವನ್ನು ಹೇಳುವಾಗ ‘ಎಷ್ಟು’, ‘ಯಾವ ಬೆಳಕಿನಲ್ಲಿ’ ಎಂದು ಕೇಳಬೇಕೆಂಬುದು ಈ ಪುಸ್ತಕದಲ್ಲಿಯೇ ಇದೆ. ನೂರು ವರ್ಷ ಯಾರೂ ಅದನ್ನು ತೋಟಕ್ಕೆ ಒಯ್ಯಲಿಲ್ಲ.

ಒಯ್ಯಲಿಲ್ಲ ಎಂದೆ, ತಿಳಿಯದೆ ಒಯ್ದವರಿದ್ದರು. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ ನಗರದ ಸುತ್ತ ತರಕಾರಿ ಬೆಳೆಯುತ್ತಿದ್ದವರು ಕುದುರೆಯ ಹಸಿಗೊಬ್ಬರವನ್ನು ಮಡಿಯಲ್ಲಿ ಗಟ್ಟಿಯಾಗಿ ತುಳಿದು, ಮೇಲೆ ತೆಳುವಾಗಿ ಮಣ್ಣು ಹರಡಿ, ಗಾಜಿನ ಚೌಕಟ್ಟು ಮುಚ್ಚಿ, ನಡುಚಳಿಗಾಲದಲ್ಲಿ ಲೆಟ್ಯೂಸ್ ಸೊಪ್ಪನ್ನೂ ಮೂಲಂಗಿಯನ್ನೂ ಪೇಟೆಗೆ ತರುತ್ತಿದ್ದರು. ಗೊಬ್ಬರ ಕೊಳೆಯುವಾಗ ಹುಟ್ಟುವ ಕಾವಿಗಾಗಿ ಅವರು ಹಾಗೆ ಮಾಡುತ್ತಿದ್ದರು. ಆದರೆ ಕೊಳೆತದ್ದು ಕಾವನ್ನಷ್ಟೇ ಕೊಡುವುದಿಲ್ಲ. ಇಂಗಾಲಾಮ್ಲವನ್ನೂ ಬಿಡುತ್ತದೆ, ಮೇಲಿನ ಗಾಜು ಅದನ್ನು ಹೋಗಗೊಡುವುದಿಲ್ಲ. ಇದನ್ನು ನೆನೆದಾಗ, ಒಳ್ಳೆಯ ತೋಟಗಾರ ಕಾರಣ ತಿಳಿಯದೆಯೇ ಸರಿಯಾದ ಕೆಲಸ ಮಾಡುತ್ತಾನೆಂಬ ನನ್ನ ಹಳೆಯ ಗುಮಾನಿ ಬಲವಾಗುತ್ತದೆ. ಗೊಬ್ಬರ ಹಾಕಿದ ಮಣ್ಣಿನಿಂದ ಹೊಮ್ಮುವ ಈ ವಾಯುವನ್ನು ಅಳೆದು ಲೆಕ್ಕವಿಟ್ಟದ್ದು ಬಹಳ ತಡವಾಗಿ, 1920ರ ದಶಕದಲ್ಲಿ, ಸ್ವೀಡನ್ನಿನ ಹೆನ್ರಿಕ್ ಲುಂಡೆಗಾರ್ಡ್.

ಈಗ ಕಥೆಯ ಮುಖ್ಯ ಘಟ್ಟಕ್ಕೆ ಬರುತ್ತೇನೆ. 1902ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದ ಪ್ರಯೋಗಶಾಲೆಯಲ್ಲಿ ಹೊರೇಸ್ ಬ್ರೌನ್ ಮತ್ತು ಎಸ್ಕೋಂಬ್ ಎಂಬಿಬ್ಬರು ಬಹಳ ಎಚ್ಚರಿಕೆಯಿಂದ ಒಂದು ಪ್ರಯೋಗ ಮಾಡಿದರು. ಆ ಕಾಲದ ಗಾಳಿಯಲ್ಲಿ ಇಂಗಾಲಾಮ್ಲ ಹತ್ತು ಸಾವಿರಕ್ಕೆ ಮೂರು ಪಾಲು. ಅವರು ಅದನ್ನು ಹನ್ನೊಂದು ಚಿಲ್ಲರೆ ಪಾಲಿಗೆ ಏರಿಸಿ, ಅದರಲ್ಲಿ ಗಿಡಗಳನ್ನು ಬೆಳೆಸಿದರು. ಎಲೆಗಳು ಸುರುಟಿದವು, ಗಿಡಗಳು ವಿಕಾರವಾದವು, ಹೂವೆಂಬುದು ಬಹುಪಾಲು ಬಿಡಲೇ ಇಲ್ಲ. ಇದರಿಂದ ಅವರು ಗಂಭೀರವಾದೊಂದು ತತ್ತ್ವವನ್ನು ಕಟ್ಟಿದರು: ನಮ್ಮ ಸಸ್ಯಗಳು ಈಗಿರುವ ಗಾಳಿಗೆ ವೀಣೆಯ ತಂತಿಯಂತೆ ಶ್ರುತಿಗೊಂಡಿವೆ, ತುಸು ಹೆಚ್ಚಾದರೂ ಅಪಸ್ವರ ಎಂಬುದು ಅದರ ಸಾರ. ಹೋಲಿಕೆ ನನ್ನದು, ತೀರ್ಮಾನ ಅವರದು. ಹೇಳಿದವರು ಸಾಮಾನ್ಯರಲ್ಲ, ಹೇಳಿದ ಸ್ಥಳ ಕ್ಯೂ, ಪ್ರಕಟವಾದದ್ದು ರಾಯಲ್ ಸೊಸೈಟಿಯಲ್ಲಿ. ಇಂಗ್ಲಿಷ್ ತೋಟಗಾರನಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕು?

ಅದೇ ವರ್ಷದಿಂದ ಪ್ಯಾರಿಸಿನಲ್ಲಿ ಡೆಮೂಸಿ ಎಂಬಾತ ಅಂಥದೇ ಪ್ರಯೋಗಗಳನ್ನು ನಡೆಸಿ ಇದಕ್ಕೆ ವಿರುದ್ಧವಾದ ಫಲವನ್ನು ಪಡೆಯುತ್ತಿದ್ದ. ಅವನ ಗಿಡಗಳು ಹೆಚ್ಚು ಇಂಗಾಲಾಮ್ಲದಲ್ಲಿ ಹುಲುಸಾಗಿ ಬೆಳೆದವು. ಕೆಡುಕು ಮಾಡಿದ್ದು ಇಂಗಾಲಾಮ್ಲವಲ್ಲ, ಅದನ್ನು ತಯಾರಿಸುವಾಗ ಜೊತೆಯಲ್ಲಿ ಬಂದ ಕಲ್ಮಶ, ಎಂಬುದು ಅವನ ವಾದ. ಹಾಲು ಕೆಟ್ಟದ್ದಲ್ಲ, ಪಾತ್ರೆ ಕೆಟ್ಟದ್ದು ಎನ್ನುವಂತೆ.

ಕಲ್ಮಶದಲ್ಲಿ ಎಂಥ ಶಕ್ತಿಯಿರಬಹುದೆಂಬುದಕ್ಕೆ ಪುರಾವೆ ಇನ್ನೊಂದು ಊರಿನಲ್ಲಿ ಆಗಲೇ ಸಿದ್ಧವಾಗಿತ್ತು. ಸೇಂಟ್ ಪೀಟರ್ಸ್‌ಬರ್ಗಿನ ಪ್ರಯೋಗಶಾಲೆಯಲ್ಲಿ ಕತ್ತಲಲ್ಲಿ ಬೆಳೆಸಿದ ಬಟಾಣಿ ಸಸಿಗಳು ನೆಟ್ಟಗೆ ನಿಲ್ಲದೆ ಅಡ್ಡಡ್ಡ ಮಲಗುವುದೇಕೆಂದು ನೆಲ್ಯುಬೋವ್ ಎಂಬ ತರುಣ ತಲೆಕೆಡಿಸಿಕೊಂಡಿದ್ದ. ಹೊರಗಿನ ಗಾಳಿ ಕೊಟ್ಟರೆ ಅವೇ ಸಸಿಗಳು ನೆಟ್ಟಗಾಗುತ್ತಿದ್ದವು. ಶಾಲೆಯ ದೀಪಗಳಿಗೆ ಬರುತ್ತಿದ್ದ ಕಲ್ಲಿದ್ದಲ ಗ್ಯಾಸಿನ ಸೋರಿಕೆಯಲ್ಲಿದ್ದ ಎಥಿಲೀನ್ ಇದಕ್ಕೆ ಕಾರಣವೆಂದು ಅವನು 1901ರಲ್ಲಿ ತೋರಿಸಿಕೊಟ್ಟ. ಮೂಗಿಗೂ ತಿಳಿಯದಷ್ಟು ಎಥಿಲೀನ್ ಸಾಕು, ಟೊಮೆಟೊ ಎಲೆ ಜೋಲುತ್ತದೆ, ಹೂ ಉದುರುತ್ತದೆ. ಇದು ನಮಗೆ ಹೊಸಬನಲ್ಲ. ಬಾಳೆಗೊನೆಯನ್ನು ಕೋಣೆಯಲ್ಲಿ ಮುಚ್ಚಿ ಹೊಗೆಹಾಕಿ ಹಣ್ಣು ಮಾಡುತ್ತಿದ್ದರಲ್ಲ, ಆ ಹೊಗೆಯಲ್ಲಿ ಕೆಲಸ ಮಾಡುತ್ತಿದ್ದುದು ಇದೇ ಎಥಿಲೀನ್. ಕಾಯಿಗೆ ಅದು ವರ. ಎಳೆಯ ಗಿಡಕ್ಕೆ ಅದೇ ಶಾಪ.

ಡೆಮೂಸಿಯ ಮಾತನ್ನು ಕೇಳಿಸಿಕೊಂಡವರು ಜರ್ಮನರು. ಹ್ಯೂಗೋ ಫಿಷರ್ 1912ರಲ್ಲಿ ತೋಟಗಾರಿಕೆಯ ಪತ್ರಿಕೆಯೊಂದರಲ್ಲಿ ಇಂಗಾಲಾಮ್ಲದಿಂದ ಗಿಡದ ಪೋಷಣೆಯ ವಿಚಾರವನ್ನೆತ್ತಿ, ಅದರಿಂದ ಹೂ ಬೇಗ ಬರುವುದೆಂದೂ ವಾದಿಸಿದ. ಅಷ್ಟರಲ್ಲಿ ಮಹಾಯುದ್ಧ ಬಂತು. 1916-17ರ ಚಳಿಗಾಲ ಜರ್ಮನರ ನೆನಪಿನಲ್ಲಿ ‘ಟರ್ನಿಪ್ ಚಳಿಗಾಲ’ವೆಂದೇ ಉಳಿದಿದೆ, ಆಲೂಗೆಡ್ಡೆಯ ಬೆಳೆ ಹೋಗಿ, ದನಕ್ಕೆ ಹಾಕುವ ಗೆಡ್ಡೆಯನ್ನು ಜನ ತಿಂದು ದಿನ ನೂಕಿದರು. ಆ ಹಸಿದ ದೇಶದಲ್ಲಿ, ಉಕ್ಕಿನ ಪಟ್ಟಣವಾದ ಎಸ್ಸೆನ್ನಿನ ಕಡೆ, ಫ್ರೀಡ್ರಿಷ್ ರೀಡೆಲ್ ಎಂಬಾತ ಹಗಲೂ ರಾತ್ರಿ ಹೊಗೆಯುಗುಳುವ ಕುಲುಮೆಗಳನ್ನು ನೋಡಿ, ಈ ಹೊಗೆ ಸುಮ್ಮನೆ ಆಕಾಶಕ್ಕೆ ಹೋಗುತ್ತಿದೆಯಲ್ಲ ಎಂದುಕೊಂಡ. ಕುಲುಮೆಯ ಅನಿಲವನ್ನು ತೊಳೆದು ಶುದ್ಧಮಾಡಿ, ಕೊಳವೆಗಳಲ್ಲಿ ಗಾಜಿನ ಮನೆಗೆ ಹಾಯಿಸಿದ. ಬಯಲಿನ ಮಡಿಗಳಿಗೂ ಹಾಯಿಸಿದ. ಅವನ ಫಲಿತಾಂಶಗಳು 1920ರ ಹೊತ್ತಿಗೆ ಅಮೆರಿಕದ ಪತ್ರಿಕೆಗಳಲ್ಲಿಯೂ ಬಂದವು: ಟೊಮೆಟೊ ಫಸಲು ನೂರಕ್ಕೆ 175ರಷ್ಟು ಹೆಚ್ಚು, ಸೌತೆ ನೂರಕ್ಕೆ 70ರಷ್ಟು ಹೆಚ್ಚು. ಒಂದು ಔಡಲ ಗಿಡದ ಎಲೆ ಮೀಟರಿಗೂ ಅಗಲವಾಗಿ ಹರಡಿತಂತೆ. ಉತ್ಸಾಹದ ಕಾಲದ ಲೆಕ್ಕಗಳನ್ನು ನಾನು ಸ್ವಲ್ಪ ಸೋಡಿ ಬಿಟ್ಟೇ ಓದುತ್ತೇನೆ. ಈಚಿನ ಲೆಕ್ಕಗಳು ಇಷ್ಟು ಉದಾರವಾಗಿಲ್ಲ. ಆದರೂ ಊಹೆ ದೊಡ್ಡದು.

ಹಾಗಾದರೆ 1920ರಲ್ಲೇ ಏಕೆ ಇದು ಮನೆಮಾತಾಗಲಿಲ್ಲ? ಕುಲುಮೆಯ ಹೊಗೆಯನ್ನು ನಿಜವಾಗಿ ತೊಳೆಯುವುದು ಕಷ್ಟ. ಗಂಧಕವೋ, ಎಥಿಲೀನೋ ಉಳಿದರೆ ತೋಟಗಾರನ ಒಂದು ವರ್ಷದ ದುಡಿಮೆ ಒಂದು ರಾತ್ರಿಯಲ್ಲಿ ಹೋಯಿತು. ಗಾಳಿಯಲ್ಲಿ ಎಷ್ಟು ಸೇರಿದೆಯೆಂದು ಆಗಿಂದಾಗ ಅಳೆಯುವ ಸುಲಭವಾದ ಉಪಕರಣ ಅವನ ಕೈಯಲ್ಲಿರಲಿಲ್ಲ. ಹೀಗೆ ಕೆಲವರ ಗಿಡ ಬೆಳೆದವು, ಕೆಲವರವು ಸತ್ತವು. ಸತ್ತಾಗಲೆಲ್ಲ ಕ್ಯೂ ಪಂಡಿತರ ಮಾತು ನೆನಪಾಗಿರಬೇಕು. ಅಮೆರಿಕ, ಇಂಗ್ಲೆಂಡುಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಪ್ರಯೋಗ ಮುಂದುವರಿಸಿದರೇ ಹೊರತು ತೋಟಗಾರರ ಗುಂಪು ಹಿಂದೆ ಬರಲಿಲ್ಲ.

ಅದನ್ನು ಮತ್ತೆ ಬದುಕಿಸಿದ್ದು ಒಂದು ಭೂಗರ್ಭದ ಅದೃಷ್ಟ. ನೆದರ್ಲೆಂಡಿನ ಉತ್ತರಕ್ಕಿರುವ ಸ್ಲೊಖ್ಟರೆನ್ ಎಂಬ ಹಳ್ಳಿಯ ಹೊಲವೊಂದರಲ್ಲಿ 1959ರಲ್ಲಿ ಕೊಳವೆ ಇಳಿಸಿದಾಗ ಯೂರೋಪಿನ ಅತಿದೊಡ್ಡ ನೈಸರ್ಗಿಕ ಅನಿಲದ ನಿಧಿಯೊಂದು ಸಿಕ್ಕಿತು. ಕಲ್ಲಿದ್ದಲಿನಲ್ಲಿಯೂ ದಪ್ಪ ಎಣ್ಣೆಯಲ್ಲಿಯೂ ಗಾಜಿನ ಮನೆಗಳನ್ನು ಬಿಸಿಮಾಡುತ್ತಿದ್ದ ಡಚ್ಚರು ಬರಬರುತ್ತ ಗ್ಯಾಸಿಗೆ ತಿರುಗಿದರು. ಗ್ಯಾಸು ಉರಿದಾಗ ಉಳಿಯುವುದು ಬಹುಮಟ್ಟಿಗೆ ನೀರಿನ ಆವಿ ಮತ್ತು ಇಂಗಾಲಾಮ್ಲ. ಬಾಯ್ಲರಿನ ಹೊಗೆಯನ್ನು ಚಿಮಣಿಗೆ ಕಳಿಸುವ ಬದಲು ಗಿಡಗಳ ನಡುವೆಯೇ ಬಿಡಬಹುದಾಯಿತು! ಗ್ಯಾಸಿಲ್ಲದ ಕಡೆ ಗಂಧಕವಿಲ್ಲದಂತೆ ಶುದ್ಧಿಮಾಡಿದ ಸೀಮೆಎಣ್ಣೆಯನ್ನು ಉರಿಸಿದರು. 1964ರಲ್ಲಿ ಅಮೆರಿಕದ ಮಿಷಿಗನ್ನಿನ ಸಿಲ್ವನ್ ವಿಟ್ವರ್ ಮತ್ತು ರಾಬ್ ಎಂಬವರು ಲೆಟ್ಯೂಸ್, ಟೊಮೆಟೊ, ಸೌತೆಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದ ಮೇಲೆ ಸಂದೇಹವುಳಿಯಲಿಲ್ಲ. ಇಂದಿನ ಗಾಜಿನ ಮನೆಗಳಲ್ಲಿ ಹಗಲು ಸಾಮಾನ್ಯವಾಗಿ ಇಡುವ ಮಟ್ಟ ಹತ್ತು ಲಕ್ಷಕ್ಕೆ 800ರಿಂದ 1000 ಪಾಲು. ಬ್ರೌನ್ ಮತ್ತು ಎಸ್ಕೋಂಬರ ಗಿಡಗಳನ್ನು ಹಾಳುಮಾಡಿದ ಗಾಳಿಯಲ್ಲಿದ್ದುದು ಅದೇ ಲೆಕ್ಕದಲ್ಲಿ 1140. ಹೆಚ್ಚುಕಡಮೆ ಅದೇ ಗಾಳಿಯಲ್ಲಿಯೇ ಇಂದು ಯೂರೋಪಿನ ಟೊಮೆಟೊ ಹಣ್ಣಾಗುತ್ತಿದೆ.

ಬಯಲಿನಲ್ಲಿ ಬೆಳೆಯುವ ನಮಗೆ ಇದರ ಅಗತ್ಯವೇ ವಿಚಿತ್ರವಾಗಿ ತೋರಬಹುದು. ಬೆಂಗಳೂರಿನವರಿಗೆ ಗಾಜಿನ ಮನೆಯೆಂದರೆ 1889ರಲ್ಲಿ ಅಸ್ತಿಭಾರ ಹಾಕಿದ ಲಾಲ್‌ಬಾಗಿನ ಗಾಜಿನ ಮನೆ. ಅದು ಫಲಪುಷ್ಪ ಪ್ರದರ್ಶನದ ಮಂಟಪವೇ ಹೊರತು ಚಳಿಗೆ ಮುಚ್ಚಿಕೊಂಡ ಕೋಣೆಯಲ್ಲ. ಡಚ್ ತೋಟಗಾರನ ಪಾಡು ಬೇರೆ. ಫೆಬ್ರವರಿಯ ಬೆಳಗ್ಗೆ ಬಿಸಿಲು ಬಿದ್ದಿದೆ, ಹೊರಗೆ ಹಿಮ. ಕಿಟಕಿ ತೆರೆದರೆ ಕಾಸು ಕೊಟ್ಟು ಪಡೆದ ಬಿಸಿ ಹೋಗುತ್ತದೆ. ಮುಚ್ಚಿಟ್ಟರೆ ಸಾವಿರಾರು ಗಿಡಗಳು ಒಳಗಿರುವ ಇಂಗಾಲಾಮ್ಲವನ್ನು ತಿನ್ನುತ್ತ ಹೋಗಿ, ಮಧ್ಯಾಹ್ನದೊಳಗೆ ಅದು 200 ಪಾಲಿಗಿಂತಲೂ ಕೆಳಗಿಳಿಯಬಹುದು. ತುಂಬಿದ ಬೆಳಕಿನಲ್ಲಿ ಹಸಿದು ಕೂತಂತೆ. ಆದ್ದರಿಂದ ಮೊದಲು ಆಗಬೇಕಾದದ್ದು ಕೊರತೆಯನ್ನು ತುಂಬುವುದು; ಅದರ ಮೇಲೆ ಹಾಕಿದ್ದು ಹೆಚ್ಚುವರಿ. ಇಲ್ಲೊಂದು ಜಾಣತನವನ್ನು ಹೇಳದೆ ಬಿಡಲಾರೆ. ಇಂಗಾಲಾಮ್ಲ ಬೇಕಾದದ್ದು ಹಗಲು, ಬಿಸಿ ಬೇಕಾದದ್ದು ರಾತ್ರಿ. ಅವರು ಹಗಲು ಗ್ಯಾಸು ಉರಿಸಿ ವಾಯುವನ್ನು ಗಿಡಕ್ಕೆ ಕೊಟ್ಟು, ಬಿಸಿಯನ್ನು ದೊಡ್ಡ ನೀರಿನ ತೊಟ್ಟಿಗಳಲ್ಲಿ ಕೂಡಿಟ್ಟು, ಕತ್ತಲಾದ ಮೇಲೆ ಆ ಬಿಸಿನೀರನ್ನು ಕೊಳವೆಗಳಲ್ಲಿ ಹರಿಸುತ್ತಾರೆ. ಹಿತ್ತಲಿನ ಹಂಡೆಯೊಲೆಯಲ್ಲಿ ನೀರು ಕಾಯಿಸಿ, ಅದೇ ಕೆಂಡದಲ್ಲಿ ಬದನೆಕಾಯಿ ಸುಡುತ್ತಿದ್ದ ನಮ್ಮ ಮನೆಯ ಹಿರಿಯರು ಇದನ್ನು ನೋಡಿದ್ದರೆ ಮೆಚ್ಚುತ್ತಿದ್ದರು.

ಎಲ್ಲ ಗಿಡಕ್ಕೂ ಈ ಔತಣ ರುಚಿಸುವುದಿಲ್ಲ. ಎಲೆಯೊಳಗೆ ಇಂಗಾಲಾಮ್ಲವನ್ನು ಹಿಡಿಯುವ ಕಿಣ್ವಕ್ಕೆ ಒಂದು ದುರ್ಗುಣವಿದೆ: ಆಗಾಗ್ಗೆ ಅದು ಇಂಗಾಲಾಮ್ಲವೆಂದು ಆಮ್ಲಜನಕವನ್ನೇ ಹಿಡಿದುಬಿಡುತ್ತದೆ, ಮಾಡಿದ ಕೆಲಸ ವ್ಯರ್ಥವಾಗುತ್ತದೆ. ಇಂಗಾಲಾಮ್ಲ ಹೆಚ್ಚಿದಾಗ ಈ ತಪ್ಪು ಕಡಮೆಯಾಗುತ್ತದೆ. ಟೊಮೆಟೊ, ಭತ್ತ, ಗೋದಿ, ಹುರುಳಿಗಳಿಗೆ ಲಾಭವಾಗುವುದು ಬಹುಪಾಲು ಹೀಗೆಯೇ. ಆದರೆ ಕಬ್ಬಿನ ದಾರಿ ಬೇರೆಯೆಂದು ಹ್ಯಾಚ್ ಮತ್ತು ಸ್ಲ್ಯಾಕ್ ಎಂಬವರು 1966ರಲ್ಲಿ ಆಸ್ಟ್ರೇಲಿಯದಿಂದ ಪ್ರಕಟಿಸಿದರು. ಅದು ಇಂಗಾಲಾಮ್ಲವನ್ನು ಮೊದಲೇ ಒತ್ತರಿಸಿ, ಒಳಗಿನ ಕೋಶಗಳಿಗೆ ಪಂಪುಮಾಡಿ ಕೊಡುತ್ತದೆ. ಅಂದರೆ ಎಲೆಯೊಳಗೇ ತನ್ನದೊಂದು ಗಾಜಿನ ಮನೆ ಕಟ್ಟಿಕೊಂಡಿದೆ. ಜೋಳ, ಮುಸುಕಿನ ಜೋಳ, ನಮ್ಮ ರಾಗಿ ಎಲ್ಲವೂ ಈ ಜಾತಿಯವು. ಗಾಳಿಗೆ ಗೊಬ್ಬರ ಹಾಕಿದರೆ ರಾಗಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ. ರಾಗಿ ತಿನ್ನುವವರಿಗೆ ಇದರಲ್ಲಿ ಒಂದಿಷ್ಟು ಹೆಮ್ಮೆಯಾದರೆ ನಾನು ಆಕ್ಷೇಪಿಸುವುದಿಲ್ಲ.

ಮನೆಯೊಳಗೆ ಕುಂಡವಿಟ್ಟುಕೊಂಡವರು ಕೆಲವರು ನನ್ನನ್ನು ಕೇಳುವುದುಂಟು: ನಾವೂ ಒಂದು ಸಿಲಿಂಡರು ತರಿಸೋಣವೇ? ಬೇಡವೇ ಬೇಡ. ಒಬ್ಬ ಮನುಷ್ಯ ದಿನಕ್ಕೆ ಹತ್ತಿರ ಹತ್ತಿರ ಒಂದು ಕಿಲೋ ಇಂಗಾಲಾಮ್ಲವನ್ನು ಉಸಿರಿನಲ್ಲಿ ಬಿಡುತ್ತಾನೆ. ಕಿಟಕಿ ಮುಚ್ಚಿ ನಾಲ್ಕು ಜನ ಹರಟೆ ಹೊಡೆಯುವ ಕೋಣೆಯ ಗಾಳಿ ಡಚ್ ಗಾಜಿನ ಮನೆಯ ಮಟ್ಟವನ್ನು ಮುಟ್ಟುವುದು ಅಪರೂಪವಲ್ಲ. ಅಲ್ಲಿರುವ ಮನಿಪ್ಲಾಂಟಿಗೆ ಕೊರತೆಯಾಗಿರುವುದು ಬೆಳಕು. ಯಾವುದು ಎಲ್ಲಕ್ಕಿಂತ ಕಡಮೆಯಿದೆಯೋ ಅದೇ ಬೆಳವಣಿಗೆಗೆ ಲಗಾಮು ಹಾಕುತ್ತದೆಂದು ಕೇಂಬ್ರಿಜ್ಜಿನ ಬ್ಲ್ಯಾಕ್‌ಮನ್ 1905ರಲ್ಲೇ ಹೇಳಿದ್ದಾನೆ. ಮುಚ್ಚಿದ ಕೋಣೆಯಲ್ಲಿ ಸಿಲಿಂಡರು ಬಿಡುವುದು ಅಪಾಯವೂ ಹೌದು. ಕೆಲಸದ ಸ್ಥಳಗಳಲ್ಲಿ ಎಂಟು ಗಂಟೆಗೆ 5000 ಪಾಲನ್ನು ಮಿತಿಯಾಗಿ ಇಟ್ಟಿದ್ದಾರೆ. ಸೋರುವ ಸಿಲಿಂಡರು ಅದನ್ನು ದಾಟಲು ಹೆಚ್ಚು ಹೊತ್ತು ಬೇಡ.

ತೋಟಗಾರರ ಈ ಲೆಕ್ಕಪುಸ್ತಕಗಳಿಗೆ ಯಾರೂ ಎಣಿಸದ ಇನ್ನೊಂದು ಉಪಯೋಗ ಬಂತು. 1958ರಲ್ಲಿ ಹವಾಯಿ ದ್ವೀಪದ ಮೌನ ಲೋವ ಪರ್ವತದ ಮೇಲೆ ಕೀಲಿಂಗ್ ಅಳೆಯತೊಡಗಿದಾಗ ಗಾಳಿಯಲ್ಲಿ ಇಂಗಾಲಾಮ್ಲ 315 ಪಾಲಿನಷ್ಟಿತ್ತು; ಈಗ 420ನ್ನು ದಾಟಿದೆ. ಇಡೀ ಭೂಮಿಯ ಗಾಳಿಗೆ ನಾವು ತಿಳಿದೋ ತಿಳಿಯದೆಯೋ ಗೊಬ್ಬರ ಹಾಕುತ್ತಿದ್ದೇವೆ. ಬೆಳೆಗಳ ಗತಿಯೇನೆಂಬ ಪ್ರಶ್ನೆ ಬಂದಾಗ, ಅರಿಜೋನದ ಬ್ರೂಸ್ ಕಿಂಬಾಲ್ 1983ರಲ್ಲಿ ಹಳೆಯ ಪ್ರಯೋಗಗಳ 430 ಅಳತೆಗಳನ್ನು ಒಟ್ಟುಗೂಡಿಸಿದರು; ಇಂಗಾಲಾಮ್ಲ ಎರಡರಷ್ಟಾದರೆ ಫಸಲು ಸರಾಸರಿ ನೂರಕ್ಕೆ 33ರಷ್ಟು ಏರುವುದೆಂದು ಬಂತು. ಹಾಗಿದ್ದರೆ ಭಯವೇಕೆ, ಇದು ಗಿಡದ ಆಹಾರವಲ್ಲವೇ ಎಂದು ಕೆಲವರು ಅಂದಿನಿಂದ ಹೇಳುತ್ತ ಬಂದಿದ್ದಾರೆ. ಪರ್ಸಿವಲ್ಲನ ಮಾತೇ ಇದು. ‘ಎಷ್ಟು’, ‘ಎಲ್ಲಿ’ ಎಂಬುದನ್ನು ಬಿಟ್ಟ ಮಾತು. ಗಾಜಿನ ಮನೆಯಲ್ಲಿ ನೀರು, ಗೊಬ್ಬರ, ಶಾಖ ಎಲ್ಲವೂ ತೋಟಗಾರನ ಕೈಯಲ್ಲಿವೆ. ಮಳೆ ತಪ್ಪಿದ ಹೊಲದಲ್ಲಿ ಲಗಾಮು ಬೇರೆ ಕಡೆ ಇರುತ್ತದೆ. ಗಾಜಿಲ್ಲದೆ, ತೆರೆದ ಹೊಲದ ಸುತ್ತ ಕೊಳವೆಗಳಿಂದ ವಾಯುವನ್ನು ಬಿಟ್ಟು ಮಾಡಿದ ಪ್ರಯೋಗಗಳಲ್ಲಿ ಏರಿಕೆ ಅರ್ಧದಷ್ಟೇ ಸಿಕ್ಕಿತೆಂದು 2006ರಲ್ಲಿ ಒಂದು ಪ್ರಸಿದ್ಧ ಲೇಖನ ತೋರಿಸಿತು. 2014ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ, ಹಾಗೆ ಬೆಳೆದ ಗೋದಿಯಲ್ಲಿ ಸತು ನೂರಕ್ಕೆ 9ರಷ್ಟೂ ಕಬ್ಬಿಣ ನೂರಕ್ಕೆ 5ರಷ್ಟೂ ತಗ್ಗಿದುದು ಕಂಡಿತು. ಊಟದ ತಟ್ಟೆಯಲ್ಲಿ ಧಾನ್ಯವನ್ನು ಬಿಟ್ಟರೆ ಹೆಚ್ಚೇನೂ ಇಲ್ಲದವರಿಗೆ ಈ ತಗ್ಗು ಚಿಕ್ಕದಲ್ಲ.

ರೀಡೆಲ್ಲನ ಕನಸು ಮಾತ್ರ ನೂರು ವರ್ಷ ತಡವಾಗಿಯಾದರೂ ಫಲಿಸಿತು. 2005ರಿಂದ ರೋಟರ್‌ಡ್ಯಾಮಿನ ಬಳಿಯ ಎಣ್ಣೆ ಶುದ್ಧೀಕರಣದ ಕಾರ್ಖಾನೆಯ ಇಂಗಾಲಾಮ್ಲವನ್ನು, ಉಪಯೋಗ ತಪ್ಪಿಹೋಗಿದ್ದ ಹಳೆಯ ಎಣ್ಣೆಯ ಕೊಳವೆಯೊಂದರ ಮೂಲಕ ನೂರಾರು ಗಾಜಿನ ಮನೆಗಳಿಗೆ ಹಂಚುತ್ತ ಬಂದಿದ್ದಾರೆ. ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ವಿಸಿಂಗ್ಟನ್ ಸಕ್ಕರೆ ಕಾರ್ಖಾನೆ ತನ್ನ ಹೊಗೆಯಲ್ಲಿಯೂ ವ್ಯರ್ಥ ಬಿಸಿಯಲ್ಲಿಯೂ ವರ್ಷಗಳ ಕಾಲ ಟೊಮೆಟೊ ಬೆಳೆಯಿತು. ಆಮೇಲೆ ಟೊಮೆಟೊ ಕಿತ್ತುಹಾಕಿ ಅಲ್ಲಿಯೇ ಮೂರ್ಛೆರೋಗದ ಔಷಧಿಗಾಗಿ, ಸರ್ಕಾರದ ಅಪ್ಪಣೆಯಿಂದ, ಗಾಂಜಾ ಗಿಡ ಬೆಳೆಯತೊಡಗಿದರು. 2022ರಲ್ಲಿ ಯುಕ್ರೇನಿನ ಯುದ್ಧದಿಂದ ಗ್ಯಾಸಿನ ಬೆಲೆ ಮುಗಿಲು ಮುಟ್ಟಿದಾಗ ಎಷ್ಟೋ ಡಚ್ ತೋಟಗಾರರು ಬಾಯ್ಲರು ಆರಿಸಿ, ಮನೆಗಳನ್ನು ಖಾಲಿ ಬಿಟ್ಟರು. ಗ್ಯಾಸು ತೆಗೆದು ತೆಗೆದು ನೆಲ ಕುಸಿದು, ಭೂಕಂಪವಾಗಿ, ಸುತ್ತಲಿನ ಜನರ ಮನೆಗಳು ಬಿರುಕುಬಿಟ್ಟ ಮೇಲೆ ಸ್ಲೊಖ್ಟರೆನ್ನಿನ ನಿಧಿಯನ್ನು 2024ರಲ್ಲಿ ಕಾನೂನಿನಿಂದಲೇ ಶಾಶ್ವತವಾಗಿ ಮುಚ್ಚಿದರು. ಈಗ ಕೆಲವರು ನೆಲದಾಳದ ಬಿಸಿನೀರನ್ನೆತ್ತಿ ಮನೆ ಕಾಯಿಸುತ್ತಾರೆ. ಅದರಲ್ಲಿ ಶಾಖ ಬರುತ್ತದೆ, ಗಿಡಕ್ಕೆ ಬೇಕಾದ ವಾಯು ಬರುವುದಿಲ್ಲ, ಅದನ್ನು ಬೇರೆ ಕೊಳ್ಳಬೇಕು. ಸ್ವಿಟ್ಜರ್‌ಲೆಂಡಿನ ಹಿನ್‌ವಿಲ್ ಎಂಬಲ್ಲಿ 2017ರಲ್ಲಿ, ಕಸ ಸುಡುವ ಕಟ್ಟಡದ ಮಾಳಿಗೆಯ ಮೇಲೆ ದೊಡ್ಡ ಬೀಸಣಿಗೆಗಳನ್ನಿಟ್ಟು, ಬಯಲ ಗಾಳಿಯಿಂದಲೇ ಇಂಗಾಲಾಮ್ಲವನ್ನು ಸೋಸಿ ತೆಗೆದು, ಕೂಗಳತೆಯ ದೂರದಲ್ಲಿದ್ದ ಗಾಜಿನ ಮನೆಗೆ ಕೊಳವೆಯಲ್ಲಿ ಕೊಡತೊಡಗಿದರು. ಕಸದ ಬಿಸಿಯಿಂದ ಆ ಯಂತ್ರ ನಡೆಯುತ್ತಿತ್ತು. ಕೆಲವು ವರ್ಷ ಅಲ್ಲಿನ ಟೊಮೆಟೊ, ಸೌತೆಗಳು ಆ ವಾಯುವನ್ನುಂಡು ಬೆಳೆದವು.